ಎರಡು ಭುಜದ ಹೂವು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತ ಬಿ.ಎ. ಓದುತ್ತಿದ್ದೆ. ಮುಖ್ಯ ವಿಷಯ ತತ್ವಶಾಸ್ತ್ರ. ಆ ಜುಲೈ ತಿಂಗಳ ಮೊದಲ ಸೋಮವಾರದ ಡೈರಿಯಲ್ಲಿ ಎರಡೇ ವಿಷಯಗಳಿವೆ. ಮೇಲಿನದು ತರಗತಿಯಲ್ಲಿ ಮೇಷ್ಟ್ರು ಹೇಳಿದ್ದು: ಉತ್ತರ ಸಿಗಲಿಲ್ಲವೆಂದು ಪ್ರಶ್ನೆಯನ್ನು ಅವಸರದಲ್ಲಿ ಮುಚ್ಚಬೇಡಿ, ಅದರ ಜೊತೆ ಇರುವುದನ್ನು ಕಲಿಯಿರಿ. ಅದರ ಕೆಳಗೆ: ಅವ್ವನ ಎಡ ಎದೆಯಲ್ಲಿ ಗಂಟು, ಹುಣಸೆಬೀಜದಷ್ಟು.

ಅವ್ವನಿಗೆ ಅದು ಯುಗಾದಿಯಿಂದಲೇ ಗೊತ್ತಿತ್ತಂತೆ. ಬೆನ್ನಿಗೂ ಕಂಕುಳಿಗೂ ಎಣ್ಣೆ ಹಚ್ಚುವಾಗ ನನ್ನ ಬೆರಳಿಗೆ ಸಿಕ್ಕಿದ ಮೇಲೆ ಹೇಳಿದಳು.

ಮೈಸೂರಿನ ಡಾಕ್ಟರು ಒತ್ತಿ ನೋಡಿ, 'ಮುಟ್ಟಿ ಹೇಳೋಕಾಗಲ್ಲ. ತೆಗೆದು ಪರೀಕ್ಷೆಗೆ ಕಳಿಸಬೇಕು. ಏನೂ ಇಲ್ಲದೆಯೂ ಇರಬಹುದು. ತಡ ಮಾಡಬೇಡಿ' ಎಂದರು. ಹಿಂದಿರುಗುವ ಬಸ್ಸಿನಲ್ಲಿ ಅವ್ವ ತೀರ್ಮಾನ ಹೇಳಿದಳು. 'ಅಮ್ಮ ಬಲಗಡೆ ಕೊಟ್ರೆ ಕುಯ್ಯಿಸ್ಕತೀನಿ. ಎಡಗಡೆ ಕೊಟ್ರೆ ಇಲ್ಲ.'

ಅಮ್ಮ ಅಂದರೆ ಅವಳ ತವರಿನ ದೇವಿ. ಗುಡಿ ಇರುವುದು ಟಿ. ನರಸೀಪುರದ ಹತ್ತಿರದ ಹಳ್ಳಿಯಲ್ಲಿ. ಪೂಜಾರಿ ಹೂವನ್ನು ನೀರಲ್ಲಿ ಅದ್ದಿ ದೇವಿಯ ಎರಡು ಭುಜಕ್ಕೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ನಮ್ಮ ಮನೆಯಲ್ಲಿ ಹಸು ಕೊಳ್ಳುವುದಕ್ಕೂ ಅಕ್ಕನಿಗೆ ಗಂಡು ಒಪ್ಪುವುದಕ್ಕೂ ಹೂವು ಕೇಳಿದ್ದರು. ಹೈಸ್ಕೂಲಿನಿಂದಲೂ ನಾನು ಯಾವ ಕಡೆ ಬಿತ್ತು, ಆಮೇಲೆ ಏನಾಯಿತು ಎಂದು ಬರೆದಿಡುತ್ತಿದ್ದೆ. ಅದು ಅವ್ವನಿಗೆ ನೆನಪಿತ್ತು.

'ಅಮ್ಮ ಯೇಳಿದ್ದು ಎಷ್ಟು ಸಲ ದಿಟ ಆಗ್ಯದೆ?' ಎಂದು ಕೇಳಿದಳು.

ಒಂಬತ್ತು ಸಲದಲ್ಲಿ ಐದು ಸಲ. 'ಅರ್ಧಕ್ಕಿಂತ ಒಸಿ ಜಾಸ್ತಿ' ಎಂದೆ.

'ಡಾಕ್ಟ್ರು ಅಷ್ಟೂ ಯೇಳ್ನಿಲ್ಲವಲ್ಲ.'

ಒದ್ದೆ ಆರಿದಂತೆ ಹೂವು ಬೀಳುತ್ತದೆ, ಅದಕ್ಕೂ ನಮ್ಮ ಪ್ರಶ್ನೆಗೂ ಸಂಬಂಧವಿಲ್ಲ ಎಂದು ತರಗತಿಯಲ್ಲಿ ವಾದ ಮಾಡಿ ಮೇಷ್ಟ್ರಿಂದ ಮೆಚ್ಚುಗೆ ಪಡೆದಿದ್ದವಳು ನಾನು. ಆ ವಾರ ರೈಲಿನ ಕಿಟಕಿಗೆ ತಲೆಯಾನಿಸಿ, ಬಲಗಡೆ ಬೀಳಲಿ, ಬಲಗಡೆಯೇ ಬೀಳಲಿ ಎಂದು ಬೇಡುತ್ತಿದ್ದೆ. ಎಡಗಡೆ ಬಿದ್ದರೆ ನನ್ನ ಯಾವ ವಾದವೂ ಅವ್ವನನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ, 'ನಿಮ್ಮವ್ವ ಯೇಳ್ದಂಗೆ' ಎಂದು ಕಾರ್ಖಾನೆಯ ಪಾಳಿಗೆ ಹೊರಟುಬಿಟ್ಟರು.

ಶುಕ್ರವಾರ ಗುಡಿಗೆ ಹೋದೆವು. ಪೂಜಾರಿ ಅವ್ವನನ್ನು ಬಾಲ್ಯದಿಂದ ಬಲ್ಲವನು.

'ಮಗಳು ಏನ್ ಓದ್ತಾವಳೆ?'

'ದೇವ್ರು ಅವ್ನೋ ಇಲ್ವೋ ಅಂತ ಓದಾದಂತೆ ಕಣಣ್ಣ.'

'ಗೊತ್ತಾಯ್ತಾ?'

'ಇನ್ನೂ ಇಲ್ಲ' ಎಂದೆ.

'ಗೊತ್ತಾದ್ರೆ ನಂಗೊಂದು ಕಾಗ್ದ ಹಾಕವ್ವ. ನಾನೂ ಬ್ಯಾರೆ ಕೆಲ್ಸ ನೋಡ್ಕಬೇಕು.'

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಅವನು ಕಣಗಿಲೆ ಹೂವನ್ನು ನೀರಿಗೆ ಅದ್ದುತ್ತಿದ್ದ. ಎರಡೂ ಭುಜಕ್ಕೆ ಅಂಟಿಸಿ ಪಕ್ಕಕ್ಕೆ ಸರಿದ. ಅವ್ವ ಕಣ್ಣು ಮುಚ್ಚಿ ಕೂತಳು. ನಾನು ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗಡೆಯ ಹೂವು ಕೂದಲೆಳೆಯಷ್ಟು ಜಾರಿತು. ಅದು ಅಲ್ಲೇ ನಿಂತಿತು. ಪೂಜಾರಿ ಮಂಗಳಾರತಿ ಮಾಡಿದ, ಗಂಟೆ ಬಾರಿಸಿದ. ಎರಡೂ ಬೀಳಲಿಲ್ಲ. ಹೊಸ ಹೂವಿಟ್ಟ. ಅವೂ ಕದಲಲಿಲ್ಲ. ನಮ್ಮ ಹಿಂದೆ ಕಾದಿದ್ದ ಹೆಂಗಸರು ಗುಸುಗುಸು ಶುರುಮಾಡಿದರು.

'ಇವತ್ತು ಅಮ್ಮ ಮಾತಾಡಕಿಲ್ಲ ಕಣವ್ವ. ಬರೋ ವಾರ ಬನ್ನಿ' ಎಂದ ಪೂಜಾರಿ.

ಬಲ, ಎಡ ಎರಡಕ್ಕೂ ನಾನು ತಯಾರಾಗಿದ್ದೆ. ಇದಕ್ಕೆ ಆಗಿರಲಿಲ್ಲ. ಬರುವ ವಾರವೂ ಬೀಳದಿದ್ದರೆ? ಅದರಾಚೆಯ ವಾರ? ಅಷ್ಟರಲ್ಲಿ ಒಳಗೆ ಅದು ಬೆಳೆಯುತ್ತಿರುತ್ತದೋ ಏನೋ.

ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಅವ್ವ ಕಡಲೆಕಾಯಿ ಬಿಡಿಸುತ್ತ ಕೇಳಿದಳು. 'ನಿಮ್ ಕಾಲೇಜ್ನಲ್ಲಿ ಉತ್ರ ಸಿಗ್ದೆ ಇದ್ರೆ ಏನ್ ಮಾಡೀರಿ?'

'ಪ್ರಶ್ನೆ ಇಟ್ಕೊಂಡಿರ್ತೀವಿ.'

'ಎಷ್ಟು ದಿನ?'

'ಕೆಲವರು ಸಾಯೋತನಕ' ಎಂದವಳು ನಾಲಗೆ ಕಚ್ಚಿಕೊಂಡೆ.

ಅವ್ವ ನನ್ನ ಮುಖ ನೋಡಿದಳು. 'ನಂಗೆ ಅಷ್ಟು ಪುರುಸೊತ್ತಿಲ್ಲ ಕಣವ್ವ' ಎಂದು ಸಿಪ್ಪೆ ಕೊಡವಿದಳು. ಬಸ್ಸು ಬಂದಾಗ, 'ಬ್ಯಾಡ ಅಂತೂ ಅನ್ನಿಲ್ಲ ಅಮ್ಮ. ಮಂಗಳವಾರ ಆಸ್ಪತ್ರೆಗೆ ಓಗಣ' ಎಂದಳು.

ಸಮಾಧಾನವಾಗಬೇಕಿತ್ತು. ಇನ್ನೂ ಹೆದರಿಕೆಯಾಯಿತು. ದೇವಿಯೂ ಹೋಗು ಅಂದಿರಲಿಲ್ಲ, ಡಾಕ್ಟರೂ ವಾಸಿಯಾಗುತ್ತದೆ ಅಂದಿರಲಿಲ್ಲ.

'ಓಗಿ ಏನಾರ ಆದ್ರೆ, ಅವ್ವ?'

'ಯಾರನ್ನ ಬಯ್ಯದು ಅಂತ ಯೋಚ್ನೆನಾ? ನನ್ನನ್ನೇ ಬಯ್ಯಿ. ಹತ್ತು, ಸೀಟು ಓಯ್ತದೆ.'

ಗಂಟು ತೆಗೆದರು. ವರದಿ ಬಂದ ದಿನ ಡಾಕ್ಟರು, 'ಸದ್ಯಕ್ಕೆ ಹೆದರುವಂಥದ್ದೇನಿಲ್ಲ. ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ' ಎಂದರು. ಅವ್ವ ಮೊದಲ ಮಾತು ಕೇಳಿಸಿಕೊಂಡು ಎದ್ದಳು. ನಾನು ಎರಡನೆಯದನ್ನು ಕೇಳಿಸಿಕೊಂಡು ಕೂತೇ ಇದ್ದೆ.

ಎರಡು ಸಾವಿರದ ಇಸವಿ ದಾಟಿ ಎಷ್ಟೋ ವರ್ಷ ಕಳೆದರೂ ಆಸ್ಪತ್ರೆಯ ಆ ಓಡಾಟ ನಿಂತಿಲ್ಲ. ಅವ್ವ ಆ ದಿನಕ್ಕೆಂದು ಒಳ್ಳೆಯ ಸೀರೆ ಉಡುತ್ತಾಳೆ, ಪಕ್ಕದ ಸೀಟಿನವರ ಊರು ಕೇಳುತ್ತಾಳೆ, ತನ್ನ ಬ್ಯಾಗನ್ನು ನನ್ನ ಮಡಿಲಿಗೆ ಹಾಕಿ ಡಾಕ್ಟರ ಕೋಣೆಗೆ ಹೋಗುತ್ತಾಳೆ. ನಾನು ಹೊರಗೆ ಬೆಂಚಿನ ತುದಿಯಲ್ಲಿ ಕೂತಿರುತ್ತೇನೆ. ಬಾಗಿಲ ಪರದೆ ಗಾಳಿಗೆ ಅಲುಗಿದರೂ ಎದ್ದು ನಿಲ್ಲುತ್ತೇನೆ.