ಅಣ್ಣಾ ಇದ್ದಲ್ಲಿ ಮಾವಾ

ಥೂ, ಆ ಹಾಡು ಕಿವಿಗೆ ಬಿದ್ರ ಈಗ್ಲೂ ಕಿವಿ ಮುಚ್ಕೊಂತೀನಿ. ಹೊಸಪೇಟಿ ಮ್ಯಾಲೆ ಕಟ್ಟಿದ ಹಾಡಂತ. ಬಸ್ ಸ್ಟ್ಯಾಂಡಿನ ಆಟೋದಾಗ ಅದೇ, ಸಂಡೂರಿನ ಲಾರಿಯಾಗ ಅದೇ, ಹಂಪಿಯಾಗ ಬಾಳಿಹಣ್ಣು ಮಾರೋರ ಫೋನಿನಾಗೂ ಅದೇ. ‘ನಮ್ಮೂರ ಹಾಡು, ಭಾಳ ಮಸ್ತ್ ಐತಿ’ ಅಂತ ಎಲ್ಲಾರೂ ಎದಿ ಉಬ್ಬಿಸ್ತಾರ. ಅದು ನಮ್ಮವ್ವನ ಹಾಡು ಅಂತ ಹೇಳಾಕ ನನಗ ನಾಚಿಕಿ.

ನಮ್ಮೂರು ಎಮ್ಮಿಗನೂರು. ಕಾಲುವಿಗೆ ನೀರು ಬಂತಂದ್ರ ನೆಲ್ಲು ಹಚ್ಚೋ ಕೆಲಸ. ಹತ್ತು ಹನ್ನೆರಡು ಹೆಣ್ಮಕ್ಕಳು ಕೆಸರಿನಾಗ ಸಾಲಾಗಿ ಬಗ್ಗಿದ್ರ, ಹಾಡು ಎತ್ತಾಕಿ ನಮ್ಮವ್ವ.

‘ಹೊಸಪೇಟಿ ಡ್ಯಾಮು ತುಂಬೈತಿ ಅಣ್ಣಾ, ಗೇಟು ತಗಿಯೋ ಅಣ್ಣಾ, ತಂಗಿ ಸಸಿ ಒಣಗ್ಯಾವ.’

ಟಿ.ಬಿ. ಡ್ಯಾಮಿನಾಗ ಗೇಟು ತಗಿಯೋ ಮನುಷ್ಯನ್ನ ಅವ್ವ ಕಣ್ಣಿಲೆ ಕಂಡಾಕಿ ಅಲ್ಲ. ಆದ್ರೂ ಆತ ಆಕಿಗೆ ತವರಿನ ಅಣ್ಣ, ಆತ ಬಿಡೋ ನೀರು ತವರಿನ ಉಡಿ. ಅಣ್ಣ ಇಲ್ದ ಹುಟ್ಟಿದಾಕಿ ನಮ್ಮವ್ವ.

ಒಂದು ದಿನ ಹೊಸಪೇಟಿಯಿಂದ ಆಲ್ಬಂ ಹಾಡು ಮಾಡೋನೊಬ್ಬ ಬಂದ. ‘ಹಳ್ಳಿ ಹಾಡು ಬೇಕ್ರಿ ಅಕ್ಕಾರ’ ಅಂದ. ಅವ್ವ ‘ಬ್ಯಾಡ ಬಿಡಪ್ಪಾ, ಇದು ಕೆಸರಿನಾಗಿನ ಹಾಡು’ ಅಂತ ಹಿಂದ ಸರಿದ್ಲು. ನಾನು ಬಿಡ್ಬೇಕಲ್ಲ! ‘ಏ ಹಾಡಬೇ, ನಾಕು ಮಂದಿ ಕೇಳ್ಲಿ’ ಅಂತ ಗಂಟು ಬಿದ್ದೆ. ಅವನ ಫೋನು ಇಸ್ಕೊಂಡು ಅವ್ವನ ಬಾಯಿ ಹತ್ರ ಹಿಡದಾಕಿ ನಾನೇ.

ಮೂರು ತಿಂಗಳಿಗೆ ಹಾಡು ಬಂತು. ರಾಗ ನಮ್ದೇ, ಡ್ಯಾಮೂ ನಮ್ದೇ. ಅಣ್ಣಾ ಇದ್ದಲ್ಲೆಲ್ಲ ಮಾವಾ! ‘ಡ್ಯಾಮು ತುಂಬೈತಿ ಮಾವಾ, ಗೇಟು ತಗಿಯೋ ಮಾವಾ.’ ನಡುನಡುವೆ ಸೀಟಿ, ಕಾಲುವಿ ದಂಡಿಮ್ಯಾಗ ಒಬ್ಬಾಕಿ ಸೊಂಟ ಕುಣಿಸೋದು. ಅಸಹ್ಯ! ಆ ಆಲ್ಬಂದವಗ ಫೋನ್ ಮಾಡಿ ಬೈದೆ. ‘ಒಂದೇ ಮಾತು ಬದಲ್ ಮಾಡೀವ್ರಿ ಅಕ್ಕಾರ, ಅಣ್ಣಾ ಅಂದ್ರ ಯಾರು ಕುಣಿತಾರ್ರಿ?’ ಅಂತ ನಕ್ಕ. ಒಂದೇ ಮಾತಂತ, ನಾಚಿಕಿಗೇಡಿ! ತವರಿನ ಅಣ್ಣನ ಎದುರು ತಂಗೀನ ಅರಬತ್ಲೆ ನಿಲ್ಲಿಸಿ ಒಂದೇ ಮಾತು ಅಂತಾನ.

ಅವ್ವಗ ನಾನು ಹೇಳಲಿಲ್ಲ. ಹೇಳೋದೇನು ಬಂತು, ಗದ್ದಿ ಹೊಡಿಯೋ ಟ್ರ್ಯಾಕ್ಟರಿನಾಗೇ ದಿನಾ ಬಡ್ಕೊಂತಿತ್ತು. ಆಕಿ ಸಿಟ್ಟಾಗಲಿಲ್ಲ. ‘ನೀರು ಬರ್ಲಿ, ನಮ್ಮ ಹಾಡು ನಾವು ಹಾಡೋಣು’ ಅಂದ್ಲು. ನಾನೂ ಅದನ್ನೇ ನೆಚ್ಚಿಕೊಂಡಿದ್ದೆ. ಅವ್ವ ಒಮ್ಮೆ ಬಾಯಿ ತೆರದ್ರ ಆ ಹೊಲಸೆಲ್ಲ ತೊಳದು ಹೋಗತೈತಿ, ಹಾಡು ಮತ್ತ ನಮ್ದಾಗತೈತಿ ಅಂತ.

ನೀರು ಬಂತು. ಸಾಲು ಹಿಡದ್ವಿ. ಅವ್ವ ಬಗ್ಗಿ ಮೊದಲ ಸಸಿ ಊರಿ ಹಾಡು ಎತ್ತಿದ್ಲು.

‘ಹೊಸಪೇಟಿ ಡ್ಯಾಮು ತುಂಬೈತಿ ಮಾವಾ...’

ಬಾಯಿ ತಾನೇ ಅಂದುಬಿಡ್ತು. ಕೇಳಿ ಕೇಳಿ ನಾಲಿಗಿಗೆ ಅದೇ ಹತ್ತಿತ್ತು. ಅವ್ವ ಕೆಸರಿನಿಂದ ಎದ್ದು ಕಾಲುವಿಗೆ ಹೋದ್ಲು. ಬೊಗಸಿ ನೀರು ತಗೊಂಡು ಬಾಯಿ ಮುಕ್ಕಳಿಸಿ ಉಗುಳಿದ್ಲು. ಇನ್ನೊಮ್ಮೆ ಉಗುಳಿದ್ಲು. ಬಂದು ಮತ್ತ ಸಾಲಿನಾಗ ನಿಂತು, ‘ಹಚ್ರಿ, ಹೊತ್ತು ಏರೈತಿ’ ಅಂದ್ಲು.

ಇಡೀ ಗದ್ದಿ ಹಾಡಿಲ್ದ ಹಚ್ಚಿದ್ವಿ. ಅವತ್ತು ಆಕಿ ಬಾಯಿ ಹತ್ರ ಫೋನು ಹಿಡಿದಿದ್ದ ಕೈಯಾಗೇ ಸಸಿ ಹಿಡಕೊಂಡು ಆಕಿ ಪಕ್ಕದಾಗ ನಾನಿದ್ದೆ. ಸಂಜಿತನಕ ಆಕಿ ನನ್ನ ಕಡಿ ನೋಡಲಿಲ್ಲ.