ಮೆಟ್ಟಿಲ ಮೇಲೆ ಒಬ್ಬರ ಜಾಗ

ನಮ್ಮ ದೊಡ್ಡಮ್ಮ ಕ್ಯಾಮೆರಾ ಹಿಂದೆ ನಿಂತಳೆಂದರೆ ಊರಿನ ಎಂಥ ದೊಡ್ಡ ಮನುಷ್ಯರೂ ಬಾಯಿ ಮುಚ್ಚಿಕೊಳ್ಳುತ್ತಾರೆ. "ಆಯಮ್ಮ ಮನಸ್ಸು ಮಾಡಿ ಬಟನ್ ಒತ್ತಿದ್ರೆ ಫೋಟೋ. ಇಲ್ಲಾಂದ್ರೆ ಬರೀ ಬಿಸಿಲು ಕಾಯಿಸ್ಕೊಂಡು ಮನೆಗೆ ಹೋಗೋದಷ್ಟೇ" ಎನ್ನುವುದು ಅಲ್ಲಿಯವರ ಮಾತು.

ಅವಳು ನನ್ನ ಅಮ್ಮನ ಅಕ್ಕ. ಮದುವೆಯ ಗೋಜಿಗೆ ಹೋದವಳಲ್ಲ. ಆ ಪುಟ್ಟ ಊರಿಗೆ ಇರುವ ಒಂದೇ ಫೋಟೋ ಸ್ಟುಡಿಯೋ ಅವಳದು. ಕಟ್ಟಿದವನು ಅಜ್ಜ; ಕೈ ನಡುಗತೊಡಗಿದ ಮೇಲೆ ಕ್ಯಾಮೆರಾ ಮಗಳ ಪಾಲಿಗೆ ಬಂತು, ಗಲ್ಲಾ ಮತ್ತು ಗೊಣಗಾಟ ಅವನ ಬಳಿಯೇ ಉಳಿದವು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಹಿಂದಿನ ಕೋಣೆ, ಕೆಂಪು ಬಲ್ಬು, ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸಿ ಒಣಗಲು ಬಿಟ್ಟ ಪ್ರಿಂಟುಗಳು, ಪಾಸ್‌ಪೋರ್ಟ್ ಫೋಟೋಗೆ ಬಂದವರ ಕೈಗೆ ತುರುಕುವ ಹಲ್ಲು ಮುರಿದ ಬಾಚಣಿಗೆ. ಗಿರಾಕಿ ನಗದಿದ್ದರೆ ಗದರುತ್ತಾಳೆ, ಜಾಸ್ತಿ ನಕ್ಕರೂ ಗದರುತ್ತಾಳೆ.

ಅವರ ಬೀದಿಯ ಎರಡೂ ಬದಿಯ ಮರಗಳು ಮೇಲೆ ಒಂದಕ್ಕೊಂದು ಹೆಣೆದುಕೊಂಡಿವೆ. ವರ್ಷವೆಲ್ಲ ಮನೆಗಳ ಮೆಟ್ಟಿಲ ಮೇಲೆ ಮಬ್ಬು. ಎಲೆ ಉದುರುವ ಕಾಲ ಬಂದಾಗ ಮಾತ್ರ ಬೆಳಗಿನ ಬಿಸಿಲು ನೇರವಾಗಿ ಬಾಗಿಲಿಗೆ ಬೀಳುತ್ತದೆ. ಆಗಲೇ ಸ್ಟುಡಿಯೋದವರು ಮನೆಮನೆಗೆ ಹೋಗಿ ಮೆಟ್ಟಿಲ ಮೇಲೆ ಇಡೀ ಕುಟುಂಬವನ್ನು ನಿಲ್ಲಿಸಿ ಫೋಟೋ ತೆಗೆಯುವುದು. ಅದಕ್ಕೊಂದು ನಿಯಮ, ಅಜ್ಜನೇ ಮಾಡಿದ್ದು: ಊರು ಬಿಟ್ಟು ಹೋದವರಿದ್ದರೆ ಅವರು ನಿಲ್ಲುವಷ್ಟು ಜಾಗ ಖಾಲಿ ಬಿಡಬೇಕು. ಫೋಟೋ ಅವರಿಗೂ ಹೋಗಬೇಕು. ಬೇಕರಿಯವನ ಮಗ ಹಡಗಿನ ಮೇಲೆ ಕೆಲಸಕ್ಕೆ ಹೋದವನು, ಆರಡಿ ಆಳು. ಬೇಕರಿಯವನು ಪ್ರತಿ ಫೋಟೋದಲ್ಲೂ ಇಲ್ಲದ ಆ ಮಗನ ಹೆಗಲ ಮೇಲೆ ಕೈ ಹಾಕಿದಂತೆ ತೋಳನ್ನು ಗಾಳಿಯಲ್ಲಿ ಎತ್ತಿ ನಿಂತಿರುತ್ತಾನೆ. ನೋಡಿದರೆ ನಗು ಬರುತ್ತದೆ, ಆಮೇಲೆ ಆ ನಗು ಅಲ್ಲೇ ನಿಲ್ಲುತ್ತದೆ.

ಊರಿಗೆಲ್ಲ ಜಾಗ ಬಿಡಿಸಿದ ಇದೇ ಅಜ್ಜ ಸ್ವಂತ ಮಗಳ ವಿಷಯ ಬಂದಾಗ ಕಲ್ಲಾಗಿಬಿಟ್ಟ. ನನ್ನ ಅಮ್ಮ ಸ್ಟುಡಿಯೋದ ಗಲ್ಲಾ ನೋಡಿಕೊಂಡಿರಲಿ ಎಂದು ಅವನ ಆಸೆ. ಅಮ್ಮನಿಗೆ ನಗರದಲ್ಲಿ ಬಸ್ ಓಡಿಸುವ ಕೆಲಸ ಸಿಕ್ಕಿತು. "ಹೋಗೋದಾದ್ರೆ ಹೋಗು. ಅದೇ ಬಸ್ಸಲ್ಲಿ ವಾಪಸ್ ಬಂದು ಈ ಬಾಗಿಲಲ್ಲಿ ಇಳೀಬೇಡ" ಅಂದ. ಅಮ್ಮನೇನು ಕಡಿಮೆಯೇ? "ಇಳಿಯಲ್ಲ ಬಿಡಿ" ಎಂದು ಟ್ರಂಕು ಎತ್ತಿಕೊಂಡು ಹೊರಟೇಬಿಟ್ಟಳು.

ಆ ವರ್ಷ ಎಲೆ ಉದುರಿದಾಗ ಅಜ್ಜ ಅಜ್ಜಿಗೆ ಅಂಟಿಕೊಂಡು ನಿಂತ. "ಹೂಂ, ಒತ್ತು" ಅಂದ.

"ಜಾಗ ಬಿಡಿ ಅಪ್ಪಾ" ಎಂದಳು ದೊಡ್ಡಮ್ಮ.

"ಯಾರಿಗೆ?"

"ನಿಮಗೆ ಗೊತ್ತಿದೆ ಯಾರಿಗೆ ಅಂತ."

"ಹತ್ತಿರ ನಿಂತಿದ್ದೀವಿ. ತೆಗೀತೀಯೋ ಇಲ್ವೋ?"

"ತೆಗೆಯಲ್ಲ" ಎಂದು ದೊಡ್ಡಮ್ಮ ಲೆನ್ಸಿಗೆ ಮುಚ್ಚಳ ಹಾಕಿದಳು. ಅಜ್ಜ ಕೂಗಾಡಿದ, ಅವಳು ಕ್ಯಾರೇ ಅನ್ನಲಿಲ್ಲ. ಕ್ಯಾಮೆರಾ ಇದ್ದದ್ದು ಅವಳ ಕೈಯಲ್ಲಿ! ಬಿಸಿಲು ಸರಿದು ಎದುರು ಮನೆಗೆ ಹೋಯಿತು, ಇಬ್ಬರಲ್ಲಿ ಒಬ್ಬರೂ ಅಲುಗಲಿಲ್ಲ. ಕೊನೆಗೆ ಅಜ್ಜಿ, "ನೀವಿಬ್ರೂ ಇಲ್ಲೇ ಬೇರು ಬಿಡಿ, ನಾನು ಒಳಗೆ ಹೋಗ್ತೀನಿ" ಎಂದು ಬಾಗಿಲು ಹಾಕಿಕೊಂಡಳು. ಅಂದಿನಿಂದ ಫೋಟೋಗ್ರಾಫರ್ ಮನೆಗೇ ಫೋಟೋ ಇಲ್ಲ ಎಂದು ಊರೆಲ್ಲ ನಗತೊಡಗಿತು. ನಗಲಿ ಬಿಡಿ.

ಪ್ರತಿ ವರ್ಷ ಇದೇ ಜಗಳ, ಇದೇ ಮುಚ್ಚಳ. ಹಾಗೆಂದು ದೊಡ್ಡಮ್ಮ ತಂಗಿಯನ್ನು ಬರಿಗೈಯಲ್ಲಿ ಬಿಟ್ಟವಳಲ್ಲ. ನಗರದ ನಮ್ಮ ಮನೆಗೆ ವರ್ಷಕ್ಕೊಮ್ಮೆ ದಪ್ಪ ಲಕೋಟೆ ಬರುತ್ತಿತ್ತು. ಉದುರಿದ ಎಲೆ ಹಾಸಿದ ಬೀದಿ, ಸೇತುವೆ, ಕೈ ಎತ್ತಿ ನಿಂತ ಬೇಕರಿಯವನು, ಶಾಲೆಯ ಗೇಟಿನ ಮುಂದೆ ಎಲೆ ಗುಡಿಸುವ ಮುದುಕ. ಕೊನೆಯದು ಯಾವಾಗಲೂ ಅವರ ಸ್ವಂತ ಮನೆಯ ಮೆಟ್ಟಿಲು: ಎಲೆ ಬಿದ್ದಿರುತ್ತದೆ, ಮನುಷ್ಯರು ಯಾರೂ ಇರುವುದಿಲ್ಲ. ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ, "ಈ ಸಲವೂ ಅಲುಗಲಿಲ್ಲ."

ಅಮ್ಮ ಲಕೋಟೆಯನ್ನು ಅಡುಗೆಮನೆಯ ಕಪಾಟಿಗೆ ಎಸೆಯುತ್ತಿದ್ದಳು. "ಆ ಸ್ಟುಡಿಯೋ ಯಜಮಾನರ ಊರು ಕಟ್ಕೊಂಡು ನನಗೇನಾಗಬೇಕು?" ಅಪ್ಪ ಎನ್ನುವ ಶಬ್ದ ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಆದರೆ ಊಟಕ್ಕೆ ಕೂತಾಗ ತಟ್ಟನೆ, "ಅಲ್ಲಾ, ಬೇಕರಿ ಬಾಗಿಲು ಕಿತ್ತು ಬೇರೆ ಹಾಕಿದ್ದಾರಲ್ಲ, ಯಾರನ್ನ ಕೇಳಿ ಹಾಕಿದ್ರಂತೆ?" ಎಂದು ನಮ್ಮ ಮೇಲೆ ರೇಗುತ್ತಿದ್ದಳು. ಕೋಪವಂತೆ ಕೋಪ! ನನ್ನ ಅಮ್ಮ ಆ ಊರಿಗಾಗಿ ಹಂಬಲಿಸಿ ಸೊರಗುತ್ತಿದ್ದಳು, ಒಪ್ಪಿಕೊಳ್ಳಲು ಮಾತ್ರ ತಯಾರಿರಲಿಲ್ಲ. "ನನ್ನ ಜಾಗ ಇರೋ ಫೋಟೋ ಬರಲಿ, ಆಮೇಲೆ ನೋಡೋಣ" ಎನ್ನುವುದು ಅವಳ ಪಟ್ಟು. ಅದು ಬರುವ ಹೊತ್ತಿಗೆ ಅಜ್ಜನೇ ಇಲ್ಲವಾದರೆ ಎಂಬ ದಿಗಿಲು ನನಗೆ.

ಕಳೆದ ವರ್ಷ ನನಗೆ ಕೆಲಸದಲ್ಲಿ ಮೊದಲ ರಜೆ ಸಿಕ್ಕಿದ್ದೇ ತಡ, ಹೊರಟೆ. "ಹೋಗು. ಆದ್ರೆ ನನ್ನ ಪರವಾಗಿ ಯಾರ ಹತ್ರಾನೂ ಗೋಗರೀಬೇಡ" ಎಂದಳು ಅಮ್ಮ.

ಮೊದಲ ಸಲ ಕಾಲಿಟ್ಟ ಆ ಬೀದಿಯಲ್ಲಿ ನನಗೆ ಪ್ರತಿ ಬಾಗಿಲೂ ಗೊತ್ತಿತ್ತು. ಫೋಟೋದಲ್ಲಿ ಗೊತ್ತಾಗದೆ ಹೋದದ್ದು ಅದರ ಏರು ಮಾತ್ರ. ಚೀಲ ಹೊತ್ತು ಹತ್ತುವಷ್ಟರಲ್ಲಿ ಏದುಸಿರು ಬಂತು. ಸ್ಟುಡಿಯೋ ಬಾಗಿಲಲ್ಲಿ ಅಜ್ಜ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಮೂಗು ಅವಳದೇ" ಎಂದ, ಮತ್ತೆ ಪ್ರಿಂಟಿನ ಅಂಚು ಕತ್ತರಿಸುತ್ತ ಕೂತ.

ಮರುದಿನ ಬೆಳಿಗ್ಗೆ ಬಿಸಿಲು ಮೆಟ್ಟಿಲಿಗೆ ಬಿತ್ತು. ದೊಡ್ಡಮ್ಮ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿದಳು. ಅಜ್ಜಿ ಸೆರಗು ಸರಿಮಾಡಿಕೊಂಡು ನಿಂತಳು. ಆಗ ಅಜ್ಜ ತಾನಾಗಿಯೇ ಒಂದು ಹೆಜ್ಜೆ ಸರಿದು ತನ್ನ ಮತ್ತು ಅಜ್ಜಿಯ ನಡುವೆ ಜಾಗ ಬಿಟ್ಟ. ಅಂತೂ ಸೋತನಲ್ಲ ಅಂದುಕೊಂಡೆ.

"ಬಾ, ಇಲ್ಲಿ ನಿಲ್ಲು" ಎಂದು ನನ್ನನ್ನು ಕರೆದ.

ಅಯ್ಯೋ ಮುದುಕಾ, ಎಷ್ಟು ಜಾಣ! ನಾನು ಅಲ್ಲಿ ಹೋಗಿ ನಿಂತರೆ ಜಾಗ ತುಂಬಿಹೋಯಿತು, ಫೋಟೋ ಆಯಿತು, ಜಗಳ ಮುಗಿಯಿತು. ಅಮ್ಮನಿಗೆ ಮಾತ್ರ ಇನ್ನೆಂದೂ ಜಾಗವಿಲ್ಲ. ನಾನು ಮೆಟ್ಟಿಲು ಹತ್ತಿ ಅಜ್ಜಿಯ ಇನ್ನೊಂದು ಬದಿಗೆ ಹೋಗಿ ನಿಂತೆ.

"ಅಲ್ಲಲ್ಲ, ಇಲ್ಲಿ."

"ಅದು ನನ್ನ ಜಾಗ ಅಲ್ಲ ಅಜ್ಜ, ಅಮ್ಮಂದು. ನನಗೆ ಇದೇ ಸಾಕು."

"ಬಂದಿರೋಳು ನೀನು, ಅವಳಲ್ಲ."

"ಬಾರದೆ ಇರೋರಿಗೇ ಅಲ್ವಾ ಜಾಗ ಬಿಡೋದು? ನಿಯಮ ಮಾಡಿದ್ದು ನೀವೋ ನಾನೋ?"

ಅಜ್ಜ ದೊಡ್ಡಮ್ಮನ ಕಡೆ ನೋಡಿದ. ಅವಳು ಬಟನ್ ಮೇಲಿಂದ ಬೆರಳು ತೆಗೆದು ಕೈಕಟ್ಟಿ ನಿಂತಳು. "ನನ್ನ ಕಡೆ ನೋಡಬೇಡಿ. ನನಗೇನೂ ಆತುರ ಇಲ್ಲ."

ಬೇಕರಿಯವನು ನೋಡಲೆಂದು ತನ್ನ ಬಾಗಿಲಿಗೆ ಬಂದು ನಿಂತ. ಬಿಸಿಲು ಮೆಲ್ಲಗೆ ಮೇಲಿನ ಮೆಟ್ಟಿಲು ಬಿಡತೊಡಗಿತು. ಅಜ್ಜ ಜಾಗ ಮುಚ್ಚಲೆಂದು ಅಜ್ಜಿಯ ಕಡೆ ಒಂದು ಹೆಜ್ಜೆ ಇಟ್ಟ.

"ಅಲ್ಲೇ ನಿಲ್ಲಿ!" ಎಂದಳು ಅಜ್ಜಿ. ಅವಳ ದನಿ ಅಷ್ಟು ಗಟ್ಟಿಯಾಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. "ಊರವರ ಮಕ್ಕಳಿಗೆಲ್ಲ ಜಾಗ ಬಿಡಿಸಿದ್ರಿ. ನಾನು ಹೆತ್ತಿರೋದಕ್ಕೆ ಇಲ್ವೇನ್ರೀ?"

ಅಜ್ಜ ಎತ್ತಿಟ್ಟ ಕಾಲನ್ನು ಹಿಂದೆಳೆದುಕೊಂಡ. ಆಮೇಲೆ ಮೆಟ್ಟಿಲ ತುದಿಯವರೆಗೆ, ಗೋಡೆಗೆ ಹೆಗಲು ತಾಗುವವರೆಗೆ ಸರಿದು, ನಡುಗುವ ಕೈಯನ್ನು ಬೇಕರಿಯವನ ಹಾಗೆಯೇ ಗಾಳಿಯಲ್ಲಿ ಎತ್ತಿದ.

"ಒತ್ತೇ ಮಾರಾಯ್ತಿ, ಬೆಳಕು ಹೋಗ್ತಿದೆ" ಎಂದ.

ದೊಡ್ಡಮ್ಮ ಒತ್ತಿದಳು. ಆ ಫೋಟೋ ಸ್ವಲ್ಪ ಮಸುಕು. ಮಸುಕಾದ ಪ್ರಿಂಟನ್ನು ಕಂಡರೆ ಹರಿದು ಬುಟ್ಟಿಗೆ ಹಾಕುವವಳು ಇದನ್ನು ಮಾತ್ರ ಹರಿಯಲಿಲ್ಲ. ಒತ್ತಿದಾಗಲೇ ಅವಳ ಕಣ್ಣು ಕೆಂಪಗಿತ್ತು. ಕೇಳಿದ್ದಕ್ಕೆ, "ಧೂಳು ಕಣೇ, ಎಲೆ ಗುಡಿಸ್ತಿದ್ದಾರೆ, ಕಾಣಲ್ವಾ?" ಎಂದು ನನಗೇ ಗದರಿದಳು. ಅಲ್ಲಿ ಯಾರೂ ಗುಡಿಸುತ್ತಿರಲಿಲ್ಲ. ಈ ಸಲ ಫೋಟೋದ ಬೆನ್ನಿಗೆ ಅವಳು ಏನನ್ನೂ ಬರೆಯಲಿಲ್ಲ.

ನಾನು ಆ ಫೋಟೋ ಹಿಡಿದು ನಗರಕ್ಕೆ ಮರಳಿದ ದಿನ ಅಮ್ಮ ಡ್ಯೂಟಿ ಮುಗಿಸಿ ಬಂದವಳು ಸಮವಸ್ತ್ರದಲ್ಲೇ ಅಡುಗೆಮನೆಯ ದೀಪದ ಕೆಳಗೆ ಅದನ್ನು ಹಿಡಿದು ನಿಂತಳು. ಖಾಲಿ ಜಾಗದ ಮೇಲೆ ಹೆಬ್ಬೆರಳಿಟ್ಟು ಅಳೆದಳು.

"ಇಷ್ಟೇನಾ? ನಾನು ಹೋದಾಗ ಇದ್ದ ಹಾಗೇ ಸಣ್ಣಗಿದ್ದೀನಿ ಅಂದ್ಕೊಂಡಿದ್ದಾರೇನು? ಇದರಲ್ಲಿ ನಾನು ಹಿಡಿಸಲ್ಲ." ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ಜಗಳಕ್ಕೆ ನಿಂತಂತಿತ್ತು. "ನಾಳೆಯೇ ರಜೆ ಹಾಕ್ತೀನಿ. ಇನ್ನೂ ಸರೀರಿ ಅಂತ ನಾನೇ ಹೋಗಿ ಹೇಳ್ತೀನಿ."

"ರೈಲಿಗೆ ಹೋಗ್ತೀಯೇನಮ್ಮ?" ಎಂದೆ.

"ರೈಲ್ಯಾಕೆ? ಬಸ್ಸಲ್ಲೇ ಹೋಗ್ತೀನಿ" ಎಂದಳು. "ನಮ್ಮಪ್ಪನ ಬಾಗಿಲ ಮುಂದೇನೇ ಇಳೀತೀನಿ."