ಕೆಂಪು ಬಾರದ ಟ್ಯೂಬು

ಅಣ್ಣ ಅಂಗಡಿಗೆ ಬಂದಾಗ ಅವನ ಕೈಯಲ್ಲಿ ಸುತ್ತಿಗೆ ಇತ್ತು, ಹಿಂದೆ ಗುಜರಿಯವನಿದ್ದ. ಗುಜರಿಯವರು ಹಳೇ ಟಿವಿಯ ಪರದೆಯಾದ ಗಾಜಿನ ಪಿಕ್ಚರ್ ಟ್ಯೂಬನ್ನು ಬಿಚ್ಚುವ ಗೋಜಿಗೆ ಹೋಗುವುದಿಲ್ಲ. ಅದರ ಹಿಂಬದಿಯ ಕೊಳವೆಯಂಥ ಕತ್ತಿಗೆ ಒಂದೇಟು ಹಾಕಿ, ತಾಮ್ರದ ಸುರುಳಿ ಕಿತ್ತುಕೊಂಡು, ಗಾಜನ್ನು ಹಳ್ಳಕ್ಕೆ ಎಸೆಯುತ್ತಾರೆ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಈ ಅಂಗಡಿಯಲ್ಲಿ ಅಪ್ಪ ವಿಡಿಯೋ ಗೇಮ್ ನಡೆಸುತ್ತಿದ್ದ. ನಾಣ್ಯ ಹಾಕಿ ಆಡುವ, ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳು. ಈಗ ಉಳಿದಿರುವುದು ಒಂದೇ. ಅಪ್ಪ ತೀರಿದ ಮೇಲೆ ನಾನು ಅಲ್ಲೇ ಟಿವಿ, ಮಿಕ್ಸರ್ ರಿಪೇರಿ ಮಾಡಿಕೊಂಡಿದ್ದೆ. ಕೂಡ್ಲಿಗಿಯಲ್ಲಿರುವ ಅಣ್ಣನಿಗೆ ಆ ಜಾಗದಲ್ಲಿ ಮೊಬೈಲ್ ಅಂಗಡಿ ಹಾಕುವ ಆಸೆ. ಹೆಣ್ಣುಮಗಳಿಗೆ ಅಂಗಡಿ ಯಾಕೆ ಎಂದು ನೆಂಟರೆಲ್ಲ ಅವನ ಪರ. ಪೆಟ್ಟಿಗೆಯನ್ನು ಮತ್ತೆ ಓಡಿಸುತ್ತೇನೆ ಎಂದು ನಾನು ಪಟ್ಟು ಹಿಡಿದಾಗ, ಅದರ ಟ್ಯೂಬೇ ಸತ್ತಿದೆ ಎಂದು ಅವನು ನಕ್ಕ. ಟ್ಯೂಬು ಚೆನ್ನಾಗಿದೆ ಎಂದು ತೋರಿಸಿದರೆ ಅಂಗಡಿ ನಿನ್ನದು, ಇಲ್ಲದಿದ್ದರೆ ಖಾಲಿ ಮಾಡು ಎಂದು ನೆಂಟರ ಮುಂದೆ ಮಾತು ಕೊಟ್ಟ.

ಸ್ವಿಚ್ ಹಾಕಿದೆ. ಟ್ಯೂಬಿನ ಕತ್ತಿನೊಳಗೆ ಸಣ್ಣ ಕೆಂಡದಂಥ ಬೆಳಕು ಹತ್ತಿತು. ಗಾಜಿನ ಮುಂದೆ ಹಿಡಿದ ನನ್ನ ಕೈಯ ರೋಮ ಎದ್ದು ನಿಂತಿತು. ಆಟದ ಚಿತ್ರ ಮೂಡಿತು, ಆದರೆ ಬರೀ ಹಸಿರು, ನೀಲಿ. ಕೆಂಪು ಇಲ್ಲವೇ ಇಲ್ಲ.

"ನೋಡು, ಸತ್ತೈತಿ," ಎಂದ ಅಣ್ಣ. "ತಗೊಂಡು ಹೋಗಪ್ಪ," ಎಂದು ಗುಜರಿಯವನನ್ನು ಒಳಗೆ ಕರೆದ.

"ತಡಿ. ನೋಡೂದು ಮುಗದಿಲ್ಲ."

ಸ್ವಿಚ್ ಆರಿಸಿ, ಕತ್ತಿನ ಹಿಂದಿನ ಬೋರ್ಡಿನಲ್ಲಿ ಕೆಂಪಿನ ತಂತಿಯನ್ನೂ ನೀಲಿಯ ತಂತಿಯನ್ನೂ ಅದಲುಬದಲು ಮಾಡಿ ಬೆಸೆದೆ. ಈಗಲೂ ಕೆಂಪು ಬಾರದಿದ್ದರೆ ಟ್ಯೂಬು ಸತ್ತಿದೆ ಎಂದರ್ಥ. ಕೆಂಪು ಬಂದು ನೀಲಿ ಹೋದರೆ ದೋಷ ಬೋರ್ಡಿನದು, ಟ್ಯೂಬಿನದಲ್ಲ. ಮತ್ತೆ ಸ್ವಿಚ್ ಹಾಕಿದೆ. ಪರದೆಯ ತುಂಬ ಕೆಂಪು ಬಂತು, ನೀಲಿ ಮಾಯವಾಯಿತು. ನಾನು ಕುಣಿಯುವುದೊಂದು ಬಾಕಿ.

"ಚಲೋ ಐತಿ! ಟ್ಯೂಬ್ ಚಲೋ ಐತಿ!"

ಅಣ್ಣ ನನ್ನ ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಎಂದಿತು. ಕೈಯಲ್ಲಿ ಇನ್ನೂ ಕಾದಿದ್ದ ಸೋಲ್ಡರಿಂಗ್ ಕಡ್ಡಿ ಇತ್ತು. ಅದನ್ನು ಅವನ ಮುಂಗೈಗೆ ಒತ್ತಿಬಿಟ್ಟೆ. ಚರ್ಮ ಸುಟ್ಟ ವಾಸನೆ ಬಂತು. ಅವನು ಬೊಬ್ಬೆ ಹೊಡೆದು ನನ್ನನ್ನು ಗೋಡೆಗೆ ನೂಕಿದ. ಗುಜರಿಯವನು ಮೆಲ್ಲಗೆ ಹೊರಗೆ ಜಾರಿಕೊಂಡ.

ಅಣ್ಣ ಪ್ಲಗ್ ಕಿತ್ತ. ಟ್ಯೂಬಿನ ಬೆನ್ನ ಮೇಲಿನ ರಬ್ಬರ್ ಟೋಪಿಯ ಕೆಳಗೆ ಸ್ಕ್ರೂ ಡ್ರೈವರ್ ತೂರಿಸಿ, ಪ್ಲಗ್ ಕಿತ್ತರೂ ಒಳಗೆ ಉಳಿಯುವ ಕರೆಂಟನ್ನು ಅದಕ್ಕೆ ಕಟ್ಟಿದ ತಂತಿಯ ಮೂಲಕ ಕಬ್ಬಿಣದ ಚೌಕಟ್ಟಿಗೆ ಇಳಿಸಿದ. ಪಟಾರ್ ಎಂದಿತು. ಟೋಪಿ ಕಿತ್ತು, ಇದನ್ನೇ ಹಳ್ಳಕ್ಕೆ ಎಸೆಯುತ್ತೇನೆ ಎಂದು ಬೈಯುತ್ತಲೇ ತಿರುಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

ಹೀಗೆ ಕರೆಂಟು ಇಳಿಸುವುದಕ್ಕೆ ನಾವು ಸಾಯಿಸುವುದು ಎನ್ನುತ್ತೇವೆ; ನಮ್ಮ ಅಂಗಡಿಯಲ್ಲಿ ಟ್ಯೂಬನ್ನು ಎರಡು ಸಲ ಸಾಯಿಸುವ ಪದ್ಧತಿ. ಒಮ್ಮೆ ಇಳಿಸಿದ ಕರೆಂಟು ಸ್ವಲ್ಪ ಹೊತ್ತಿಗೆ ಗಾಜಿನಿಂದ ಮತ್ತೆ ಊರಿಕೊಳ್ಳುತ್ತದೆ.

"ಅಣ್ಣ, ಇನ್ನೊಂದು ಸಲ ಸಾಯ್ಸು. ಮುಟ್ಟಬ್ಯಾಡ," ಎಂದೆ. ನನ್ನ ತುಟಿಯಿಂದ ರಕ್ತ ಬರುತ್ತಿತ್ತು.

"ನನಗ ಹೇಳಾಕ ಬರ್ತೀಯೇನ?" ಎಂದು ಟ್ಯೂಬನ್ನು ತಬ್ಬಿ ಎತ್ತಿದ.

ಅವನ ಬೆರಳು ಟ್ಯೂಬಿನ ಬೆನ್ನಲ್ಲಿ ಟೋಪಿ ಇದ್ದ ತೂತಿಗೆ ತಾಗಿತು. ಇಡೀ ಮೈಗೆ ಶಾಕ್ ಹೊಡೆದು ಹಿಂದಕ್ಕೆ ಬಿದ್ದ. ಟ್ಯೂಬು ಮೇಜಿನ ಅಂಚಿಗೆ ಬಡಿದು ಕತ್ತು ಮುರಿಯಿತು. ಸ್ಸ್ಸ್ ಎಂದು ಗಾಳಿ ಒಳಗೆ ನುಗ್ಗಿತು.

ನಾನು ಓಡಿದ್ದು ಟ್ಯೂಬಿನ ಹತ್ತಿರ. ಕತ್ತಿನೊಳಗೆ ಬೆಳ್ಳಿಯಂತೆ ಹೊಳೆಯುವ ಕಲೆ ಕಣ್ಣೆದುರೇ ಹಾಲಿನಂತೆ ಬೆಳ್ಳಗಾಯಿತು. ಗಾಳಿ ಹೊಕ್ಕ ಟ್ಯೂಬಿಗೆ ಇನ್ನು ಯಾವ ರಿಪೇರಿಯೂ ಇಲ್ಲ. ಅದನ್ನು ಮಡಿಲಿಗೆ ಎಳೆದುಕೊಂಡು ಜೋರಾಗಿ ಅತ್ತೆ.

"ನಾನು ಬಿದ್ದೀನಿ ಇಲ್ಲಿ," ಎಂದ ಅಣ್ಣ ನೆಲದಿಂದ.

ಆಗಷ್ಟೇ ಅವನ ಕಡೆ ನೋಡಿದೆ. "ಚಲೋ ಇತ್ತು ಇದು. ಕೊಂದಿ."

"ಚಲೋ ಐತಂತ ನನಗೂ ಗೊತ್ತಿತ್ತು. ಅಪ್ಪ ಇದರ ಮುಂದ ಕುಂದ್ರಿಸಿಕೊಂಡು ನಿನಗ ಕಲಿಸಿದ. ನನ್ನ ಈ ಪೆಟ್ಟಿಗಿಗೆ ಕಟ್ಟಿ ಬೆಲ್ಟಿನಾಗ ಹೊಡದ. ನೀ ಅವತ್ತೂ ಇದನ್ನ ನೋಡಾಕತ್ತಿದ್ದಿ."

ಅಪ್ಪ ಅವನನ್ನು ಹೊಡೆಯುತ್ತಿದ್ದುದು ನನಗೆ ನೆನಪಿದೆ. ಆ ಹೊತ್ತಿಗೆ ಪರದೆಯ ಮೇಲೆ ಯಾವ ಆಟ ಓಡುತ್ತಿತ್ತು ಎಂಬುದೂ ನೆನಪಿದೆ. ಅವನ ಮುಖ ಮಾತ್ರ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ.

ಅವನು ಎದ್ದು, ತನ್ನ ಬಳಿಯಿದ್ದ ಅಂಗಡಿಯ ಕೀಲಿಕೈಯನ್ನು ಮೇಜಿನ ಮೇಲಿಟ್ಟ. "ಇಟ್ಕೋ. ಮಾತು ಕೊಟ್ಟೀನಿ," ಎಂದು ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು ಕೂಡ್ಲಿಗಿ ಬಸ್ಸಿನ ಕಡೆ ನಡೆದ. ಕರೆಯಬೇಕು ಎನಿಸಿತು. ಟ್ಯೂಬು ಮಡಿಲಲ್ಲಿತ್ತು, ನಾನು ಏಳಲಿಲ್ಲ.